ಒಬ್ಬರೇ ಕೂತರೆ ವಾರ, ಜೊತೆಗೆ ಕೂತರೆ ವರುಷ

‘ಬೆಂಗಳೂರಿಗೆ ಹೋಗಿ ಹತ್ತು ದಿನದ ವಿಪಶ್ಯನ ಶಿಬಿರ ಮುಗಿಸಿ ಬಂದೆ. ಅಲ್ಲಿದ್ದಾಗ ಮನಸ್ಸು ತಿಳಿನೀರಿನ ಹಾಗಿತ್ತು. ಊರಿಗೆ ಬಂದು ಎರಡು ತಿಂಗಳಾಗಿಲ್ಲ, ಬೆಳಿಗ್ಗೆ ಕೂರೋದೂ ನಿಂತಿತು, ಸಂಜೆ ಕೂರೋದೂ ನಿಂತಿತು. ಕಣ್ಣು ಮುಚ್ಚಿದರೆ ಸಾಕು, ಅತ್ತೆ ಬಂದು ಯಾಕವ್ವ, ಮೈಯಾಗ ಹುಷಾರಿಲ್ಲೇನು ಅಂತಾರೆ. ಇದು ನನ್ನ ಕೈಲಿ ಆಗೋದಲ್ಲ ಬಿಡಿ...’

ಸಂಡೂರು ತಾಲ್ಲೂಕಿನ ಯಶವಂತನಗರದ ಸೋದರಿಯೊಬ್ಬರ ಮಾತಿದು. ಅವರೊಬ್ಬರದೇ ಅಲ್ಲ. ಧ್ಯಾನ ಅಂತ ಉತ್ಸಾಹದಿಂದ ಶುರು ಮಾಡಿ, ಮೂರನೇ ವಾರಕ್ಕೆ ಕೈಬಿಟ್ಟು, ಆಮೇಲೆ ‘ನನಗೇ ಮನಸ್ಸು ಗಟ್ಟಿಯಿಲ್ಲ’ ಅಂತ ಹಳಿದುಕೊಳ್ಳುವವರು ನಮ್ಮಲ್ಲಿ ಎಷ್ಟಿಲ್ಲ! ನೀವೂ ಅವರಲ್ಲೊಬ್ಬರೇ? ಹಾಗಾದರೆ ಮೊದಲು ಒಂದು ವಿಷಯ ತಿಳಿಯಿರಿ. ಸೋತದ್ದು ನಿಮ್ಮ ಮನಸ್ಸಲ್ಲ. ಒಬ್ಬರೇ ಮಾಡಲು ಹೊರಟಿರಲ್ಲ, ಅಲ್ಲೇ ಎಡವಿದ್ದು.

ಶಿಬಿರದಲ್ಲಿ ಇದ್ದದ್ದು, ಮನೆಯಲ್ಲಿ ಇಲ್ಲದ್ದು

ಶಿಬಿರವನ್ನು ನೆನಪು ಮಾಡಿಕೊಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಬಾರಿಸಿ ಎಬ್ಬಿಸುತ್ತಿದ್ದರು. ಮಾತಿಲ್ಲ, ಮೊಬೈಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅಡುಗೆ ಮಾಡಿಡಲು ಬೇರೆಯವರಿದ್ದರು! ಕಣ್ಣು ತೆರೆದರೆ ಅಕ್ಕಪಕ್ಕ ನಿಮ್ಮ ಹಾಗೇ ಕೂತವರ ಸಾಲು. ಮನೆಗೆ ಬಂದರೆ? ನಲ್ಲಿ ನೀರು, ಮಕ್ಕಳ ಟಿಫನ್ ಡಬ್ಬಿ, ಯಜಮಾನರ ಶಿಫ್ಟು, ಕುಕ್ಕರಿನ ಸೀಟಿ. ಇದರ ನಡುವೆ ಒಬ್ಬರೇ ಒಂದು ಗಂಟೆ ಕೂರುವುದು ಯಾರಿಗಾದರೂ ಕಷ್ಟವೇ.

ಇದನ್ನು ಕಲಿಸಿದವರಿಗೆ ಈ ಕಷ್ಟ ಗೊತ್ತಿತ್ತು. ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಗೋಯೆಂಕಾ (1924-2013) ಸಂನ್ಯಾಸಿಯಲ್ಲ, ವ್ಯಾಪಾರಿ. ವಿಪರೀತ ತಲೆನೋವು ಅವರನ್ನು 1955ರಲ್ಲಿ ಈ ದಾರಿಗೆ ತಂದಿತು. ಅವರ ಗುರು ಸಯಾಜಿ ಊ ಬಾ ಖಿನ್ ಕೂಡ ಸಂಸಾರಿ. ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್ ಆಗಿದ್ದವರು. 1969ರಲ್ಲಿ ಭಾರತಕ್ಕೆ ಬಂದು ಶಿಬಿರ ನಡೆಸತೊಡಗಿದ ಗೋಯೆಂಕಾ, ಶಿಬಿರ ಮುಗಿಸಿದವರಿಗೆ ಹೇಳುತ್ತಿದ್ದುದು ಎರಡು ಮಾತು: ದಿನಕ್ಕೆ ಎರಡು ಹೊತ್ತು ಕೂರಿ, ವಾರಕ್ಕೊಮ್ಮೆಯಾದರೂ ಇತರರ ಜೊತೆ ಕೂರಿ. ನಾವು ಮೊದಲನೆಯದನ್ನು ಕೇಳಿಸಿಕೊಂಡು ಎರಡನೆಯದನ್ನು ಮರೆಯುತ್ತೇವೆ.

ನಮ್ಮ ಜಿಲ್ಲೆಯ ಬಂಡೆಯೇ ಹೇಳುತ್ತದೆ

ನಿಮಗೆ ಗೊತ್ತೇ? ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೆಗೊಳದಲ್ಲಿ ಅಶೋಕ ಚಕ್ರವರ್ತಿಯ ಲಘು ಶಿಲಾಶಾಸನಗಳಿವೆ. ಈ ಬಗೆಯ ಶಾಸನಗಳಲ್ಲಿ ಅಶೋಕ ತನ್ನದೇ ಕಥೆ ಹೇಳಿಕೊಳ್ಳುತ್ತಾನೆ. ಬುದ್ಧನ ಅನುಯಾಯಿಯಾದ ಮೇಲೂ ಮೊದಲು ಅಷ್ಟೇನೂ ಶ್ರಮ ಹಾಕಿರಲಿಲ್ಲವಂತೆ. ಸಂಘದ ಹತ್ತಿರ ಹೋದ ಮೇಲೆಯೇ ಶ್ರದ್ಧೆ ಬಂದದ್ದು! ಇದು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯ ಎಂದೂ ಸಾರುತ್ತಾನೆ. ಚಕ್ರವರ್ತಿಗೇ ಜೊತೆ ಬೇಕಾಗಿತ್ತು ಅಂದಮೇಲೆ ನಾಲ್ಕು ಒಲೆ ಕೆಲಸದ ನಡುವೆ ಇರುವ ನಮಗೆ ಬೇಡವೇ?

ಬುದ್ಧ, ಧಮ್ಮ, ಸಂಘ – ಈ ಮೂರರಲ್ಲಿ ಮೂರನೆಯದು ನಮಗೇನೂ ಹೊಸದಲ್ಲ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗಿನಿಂದ ‘ಸಂಘಕ್ಕೆ ಹೋಗಿ ಬರ್ತೀನಿ’ ಅನ್ನುವುದು ಊರೂರಿನ ಹೆಂಗಸರ ಬಾಯಲ್ಲಿರುವ ಮಾತು. ಸಂಡೂರಿನ ಲಂಬಾಣಿ ಕಸೂತಿ ಹೆಸರು ಮಾಡಿದ್ದೂ ಹೆಂಗಸರು ಒಟ್ಟಿಗೆ ಕೂತು ಸೂಜಿ ಹಿಡಿದಿದ್ದರಿಂದ. ಜೊತೆಗೆ ಕೂರುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಜೊತೆಗೆ ಸುಮ್ಮನೆ ಕೂರುವುದನ್ನು ಮಾತ್ರ ಕಲಿಯಬೇಕು.

ಯಾರ ಜಮಖಾನೆ ಮೇಲೆ?

ಇನ್ನೊಂದು ಪ್ರಶ್ನೆ ಏಳುತ್ತದೆ. ‘ಬೌದ್ಧ ಅಂದರೆ ಬೇರೆ ಧರ್ಮ ಅಲ್ವಾ? ಮನೆದೇವರು ಸಿಟ್ಟಾಗಲ್ವಾ?’ ಉಸಿರನ್ನು ಗಮನಿಸಲು ಯಾವ ದೇವರ ಅಡ್ಡಿಯೂ ಇಲ್ಲ. ಕುಮಾರಸ್ವಾಮಿ ಗುಡಿಗೆ ಹೋಗುವವರು ಹೋಗಿ, ನಮಾಜು ಮಾಡುವವರು ಮಾಡಿ, ಆಮೇಲೆ ಬಂದು ಕೂರಬಹುದು.

ಆದರೆ ಬಾಯಿಬಿಟ್ಟು ಹೇಳದ ಅಳುಕೊಂದಿದೆ: ಯಾವ ಕೇರಿಯವರು ಯಾರ ಮನೆಗೆ ಬರಬೇಕು? ಬುದ್ಧ ಇದಕ್ಕೆ ಆಗಲೇ ಉತ್ತರ ಕೊಟ್ಟಿದ್ದಾನೆ. ಶಾಕ್ಯ ರಾಜಕುಮಾರರು ಭಿಕ್ಷುಗಳಾಗಲು ಬಂದಾಗ ಅವರ ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆಯಾಯಿತು. ಹೀಗಾಗಿ ರಾಜಕುಮಾರರೇ ಆತನಿಗೆ ಕೈಮುಗಿಯಬೇಕಾಯಿತು. ಒಂದೇ ಜಮಖಾನೆ ಮೇಲೆ ಎಲ್ಲ ಕೇರಿಯವರೂ ಕೂರದಿದ್ದರೆ ಎಷ್ಟು ಹೊತ್ತು ಕಣ್ಣು ಮುಚ್ಚಿದರೂ ಅದು ಬುದ್ಧನ ಧ್ಯಾನವಾಗದು. ಮನೆಯಲ್ಲಿ ಇರಿಸುಮುರಿಸು ಅನಿಸಿದರೆ ಸಮುದಾಯ ಭವನವನ್ನೋ ಶಾಲೆಯ ಒಂದು ಕೋಣೆಯನ್ನೋ ಕೇಳಿ.

ಶುರು ಹೇಗೆ?

* ಮೂವರು ಸಿಕ್ಕರೆ ಸಾಕು. ಮೂವತ್ತು ಜನರಿಗಾಗಿ ಕಾಯಬೇಡಿ.

* ವಾರಕ್ಕೊಂದು ದಿನ, ಒಂದೇ ಹೊತ್ತು. ಸ್ತ್ರೀಶಕ್ತಿ ಸಂಘದ ಸಭೆ ಇರುವ ದಿನವೇ ಅರ್ಧ ಗಂಟೆ ಮೊದಲು ಸೇರಿದರೆ ಮನೆಯಲ್ಲಿ ಬೇರೆ ಸಬೂಬು ಹೇಳಬೇಕಿಲ್ಲ.

* ಆನಾಪಾನ ಮಾತ್ರ ಮಾಡಿ. ಮೂಗಿನ ಹೊಳ್ಳೆಗಳ ಬಳಿ ಉಸಿರು ಬಂದು ಹೋಗುವುದನ್ನು ಗಮನಿಸುವುದು, ಅಷ್ಟೇ. ಪ್ರಾಣಾಯಾಮದ ಹಾಗೆ ಬಿಗಿಹಿಡಿಯುವುದು ಬೇಡ. ಮನಸ್ಸು ಓಡಿಹೋದರೆ ಬೈಯದೆ ಕರೆತನ್ನಿ. ವಿಪಶ್ಯನವನ್ನು ಶಿಬಿರದಲ್ಲೇ ಕಲಿಯಬೇಕು. ಅದರ ಸಾಮೂಹಿಕ ಸಾಧನೆ ಶಿಬಿರ ಮುಗಿಸಿದವರಿಗೆ ಮಾತ್ರ.

* ಮಂಡಿನೋವಿದ್ದರೆ ಕುರ್ಚಿ ಹಾಕಿಕೊಳ್ಳಿ. ಯಾರೂ ನಗಬಾರದು.

* ದುಡ್ಡು ಬೇಡ, ಗುರುವಾಗುವವರೂ ಬೇಡ. ಹತ್ತು ದಿನದ ಶಿಬಿರಗಳಿಗೇ ಶುಲ್ಕವಿಲ್ಲ, ಹಿಂದೆ ಕಲಿತವರ ದಾನದಿಂದ ನಡೆಯುತ್ತವೆ. ನಿಮ್ಮ ಜಮಖಾನೆಗೇಕೆ ಶುಲ್ಕ?

* ಎದ್ದ ಮೇಲೆ ಚಾಡಿ ಮಾತು ಬೇಡ. ಇದೇ ಎಲ್ಲಕ್ಕಿಂತ ಕಷ್ಟ, ನೋಡಿ!

ಒಂದು ಎಚ್ಚರಿಕೆ

ಧ್ಯಾನ ಔಷಧವಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಕಾರಣವಿಲ್ಲದೆ ಅಳು ಬರುತ್ತದೆ, ಬದುಕೇ ಬೇಡ ಅನಿಸುತ್ತದೆ ಅಂದರೆ ಮೊದಲು ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ಹಣ ಖರ್ಚಿಲ್ಲದೆ ಕರೆ ಮಾಡಬಹುದು. ನುಂಗುತ್ತಿರುವ ಮಾತ್ರೆಯನ್ನು ಧ್ಯಾನ ಮಾಡ್ತೀನಿ ಅಂತ ನಿಲ್ಲಿಸಬೇಡಿ. ಕೂತಾಗ ಗಾಬರಿ ಹೆಚ್ಚಾದರೆ ಕಣ್ಣು ತೆರೆದು ಎದ್ದುಬಿಡಿ. ಹಾಗೆಯೇ ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ‘ಸಮಚಿತ್ತದಿಂದಿರು’ ಅಂತ ಹೇಳುವುದು ಧರ್ಮವಲ್ಲ. ಅವರಿಗೆ ಬೇಕಾದ್ದು ಆಸರೆ ಮತ್ತು ಕಾನೂನಿನ ನೆರವು. ಆದರೆ ಒಂದು ಮಾತು: ವಾರವಾರ ಪಕ್ಕದಲ್ಲೇ ಕೂರುವ ಗೆಳತಿ ಇದ್ದರೆ ಇಂಥದ್ದು ಬೇಗ ಗೊತ್ತಾಗುತ್ತದೆ. ಜೊತೆಗೆ ಕೂರಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಕೊನೆಗೆ ಮನೆಯವರಿಗೊಂದು ವಿನಂತಿ. ವಾರದ ಏಳು ದಿನದಲ್ಲಿ ಒಂದು ದಿನ, ಒಂದು ಗಂಟೆ. ಆ ಹೊತ್ತು ಮಗುವನ್ನು ನೀವು ನೋಡಿಕೊಳ್ಳಿ, ಅನ್ನ ನೀವೇ ಬಡಿಸಿಕೊಳ್ಳಿ. ಯಶವಂತನಗರದ ಸೋದರಿಯೇ, ನೀವು ಮತ್ತೆ 300 ಕಿ.ಮೀ. ದೂರದ ಬೆಂಗಳೂರಿಗೆ ಓಡಬೇಕಿಲ್ಲ. ಮೊದಲು ಪಕ್ಕದ ಮನೆ ಬಾಗಿಲು ತಟ್ಟಿ. ‘ಯಾಕವ್ವ, ಹುಷಾರಿಲ್ಲೇನು’ ಅಂದ ಅತ್ತೆಯನ್ನೂ ಒಂದು ದಿನ ಕರೆದು ನೋಡಿ. ಪಾಪ, ಅವರಿಗೂ ಇಷ್ಟು ವರ್ಷದಲ್ಲಿ ‘ಬಾರವ್ವ, ಒಂದರೆ ಗಳಿಗೆ ಸುಮ್ಮನೆ ಕೂರು’ ಅಂತ ಯಾರೂ ಕರೆದಿರಲಿಕ್ಕಿಲ್ಲ.