ತಪ್ಪು ಉತ್ತರಕ್ಕೂ ತಲೆ ಬೇಕ್ರಿ

ರಾಯಚೂರಿನ ನಿಮ್ಮ ಮನೆ ಮಕ್ಕಳಿಗೆ ಫೋನಲ್ಲೇ ಕ್ವಿಜ್ ಮಾಡಿ ಕಳಿಸ್ತೀರಾ? ಸರಿ ಉತ್ತರ ಬರೆಯೋದು ಸುಲಭ. ಕಷ್ಟ ಇರೋದು ತಪ್ಪು ಆಯ್ಕೆಗಳಲ್ಲಿ.

‘ರಾಯಚೂರು ದೋಆಬ್ ಯಾವ ಎರಡು ನದಿಗಳ ನಡುವೆ ಇದೆ?’ ಅಂತ ಕೇಳಿದಿರಿ ಅನ್ನಿ. ಸರಿ ಉತ್ತರ ಕೃಷ್ಣಾ–ತುಂಗಭದ್ರಾ. ಪಕ್ಕದಲ್ಲಿ ಗಂಗಾ–ಯಮುನಾ ಇಟ್ಟರೆ ದೇವದುರ್ಗದ ಮಗು ಪುಸ್ತಕ ತೆರೆಯದೇನೇ ಅದನ್ನು ಬಿಟ್ಟುಬಿಡುತ್ತೆ. ಬದಲಿಗೆ ಕೃಷ್ಣಾ–ಭೀಮಾ, ತುಂಗಾ–ಭದ್ರಾ ಇಟ್ಟು ನೋಡಿ. ಮೊದಲನೆಯದನ್ನು ಆರಿಸಿದ ಮಗುವಿಗೆ ಒಂದು ಹೊಳೆ ಗೊತ್ತು, ಇನ್ನೊಂದು ಗೊತ್ತಿಲ್ಲ. ಎರಡನೆಯದನ್ನು ಆರಿಸಿದ ಮಗುವಿಗೆ, ತುಂಗಾ ಮತ್ತು ಭದ್ರಾ ಶಿವಮೊಗ್ಗ ಜಿಲ್ಲೆಯ ಕೂಡ್ಲಿಯಲ್ಲೇ ಸೇರಿ, ಮಾನ್ವಿ ಸೀಮೆಗೆ ಒಂದೇ ಹೊಳೆಯಾಗಿ ಬರುತ್ತವೆ ಅನ್ನೋದು ತಿಳಿದಿಲ್ಲ. ನಾಳೆ ಏನು ಹೇಳಿಕೊಡಬೇಕು ಅಂತ ಆ ತಪ್ಪೇ ತೋರಿಸುತ್ತೆ.

ಆಯ್ಕೆಗಳೆಲ್ಲ ಹೆಚ್ಚುಕಡಿಮೆ ಒಂದೇ ಉದ್ದ ಇರಲಿ. ಸರಿ ಉತ್ತರ ಮಾತ್ರ ಉದ್ದ ಇದ್ದರೆ ಗುಟ್ಟು ರಟ್ಟು.

ಭಾಷೆ ನೇರವಾಗಿರಲಿ. 2024ರ ಆಗಸ್ಟ್ 27ರಂದು ನಡೆದ ಕೆಎಎಸ್ ಪೂರ್ವಭಾವಿ ಪರೀಕ್ಷೆ, ಕನ್ನಡ ಅನುವಾದದ ತಪ್ಪುಗಳಿಂದಾಗಿ ಡಿಸೆಂಬರ್ 29ರಂದು ಮತ್ತೆ ನಡೆಯಬೇಕಾಯಿತು. ವರ್ಷಗಟ್ಟಲೆ ಓದಿದವರು ಪ್ರಶ್ನೆಯೇ ಅರ್ಥವಾಗದೆ ಸೋಲಬಾರದು. ನಿಮ್ಮ ಪ್ರಶ್ನೆಯನ್ನು ಕನ್ನಡ ಮೀಡಿಯಂನಲ್ಲಿ ಓದಿದ ಒಬ್ಬರಿಗೆ ಮೊದಲು ತೋರಿಸಿ, ಆಮೇಲೆ ಕಳಿಸಿ.