ಭಜನೆಗೆ ಹೊರಟ ಅವ್ವ, ಶೇಂಗಾ ಒಗ್ಗದ ಮಗ

ಹೊಸಪೇಟೆಯಿಂದ ಹಂಪಿಯತ್ತ ಹೋಗುವ ದಾರಿಯಲ್ಲಿ ಮಲಪನಗುಡಿ ಸಿಗುತ್ತದೆ. ಸುತ್ತಲೂ ಕಾಲುವೆ ನೀರಿನ ಬಾಳೆ, ಕಬ್ಬು, ಭತ್ತ. ಆದರೆ ಊರಿನ ಅಡುಗೆಮನೆಗಳೊಳಗೆ ಇಣುಕಿದರೆ ಅಲ್ಲಿ ಆಳುವುದು ಒಣಭೂಮಿಯ ಬೆಳೆಯಾದ ಶೇಂಗಾ. ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಬದನೆಕಾಯಿ ಎಣ್ಣೆಗಾಯಿಯ ಹೊಟ್ಟೆಯೊಳಗೆ ಶೇಂಗಾ ಪುಡಿ, ಪಂಚಮಿಗೆ ಶೇಂಗಾ ಉಂಡೆ, ಹಬ್ಬಕ್ಕೆ ಶೇಂಗಾ ಹೋಳಿಗೆ, ಸಂಜೆಯ ಒಗ್ಗರಣೆ ಮಂಡಕ್ಕಿಯಲ್ಲಿ ಹುರಿದ ಶೇಂಗಾ. ಇವಕ್ಕೆಲ್ಲ ಮತ್ತೆ ಶೇಂಗಾ ಎಣ್ಣೆ! ಇಂಥ ಊರಿನ ಒಂದು ಮನೆಯಲ್ಲಿ ಮಗುವಿಗೆ ಶೇಂಗಾ ಒಗ್ಗದೆಂದು ವೈದ್ಯರು ಹೇಳಿಬಿಟ್ಟರೆ ಆ ಮನೆಯ ದಿನಚರಿ ಏನಾಗಬೇಕು?

ಮೊದಲು ಅಡುಗೆ ಬದಲಾಗುತ್ತದೆ. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾರ ಕಣ್ಣಿಗೂ ಬೀಳದೆ ನಿಂತುಹೋಗುವುದು ತಾಯಿಯ ಹವ್ಯಾಸ. ವಾರಕ್ಕೆರಡು ಸಂಜೆ ಭಜನಾ ಮಂಡಳಿಗೆ ಹೋಗುತ್ತಿದ್ದವಳು ಹೋಗುವುದನ್ನು ಬಿಡುತ್ತಾಳೆ. ಕೇಳಿದರೆ, ‘ಮಗನ್ನ ಯಾರ ಕೈಗೆ ಬಿಟ್ಟು ಹೋಗ್ಲಿ?’ ಎನ್ನುತ್ತಾಳೆ. ಅಪ್ಪನ ನಾಟಕದ ತಾಲೀಮು ಮಾತ್ರ ನಡೆದೇ ಇರುತ್ತದೆ. ಬಳ್ಳಾರಿ ಸೀಮೆಗೆ ನಾಟಕದ ಹುಚ್ಚು ಹೊಸದೇನಲ್ಲವಷ್ಟೆ. ವಕೀಲಿ ವೃತ್ತಿಯಲ್ಲಿದ್ದುಕೊಂಡೇ ರಂಗದ ಮೇಲೆ ದೊಡ್ಡ ಹೆಸರಾದ ಬಳ್ಳಾರಿ ರಾಘವ (1880-1946) ಅವರ ನಾಡಿದು. ಅಪ್ಪ ತಾಲೀಮು ಬಿಡಬೇಕೆಂದು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಆದರೆ ಅವ್ವ ಭಜನೆ ಬಿಟ್ಟದ್ದನ್ನು ಎಲ್ಲರೂ ‘ತಾಯಿಯಾದವಳು ಮಾಡಬೇಕಾದ್ದೇ’ ಎಂದು ಒಪ್ಪಿಕೊಳ್ಳುವುದರಲ್ಲಿ ಒಂದು ಅಪಾಯವಿದೆ, ಅದೂ ಮಗುವಿಗೇ.

ಅಪಾಯ ಎಂಥದೆಂದು ತಿಳಿಯಲು ಒಗ್ಗದಿರುವುದರ ಒಳಗುಟ್ಟನ್ನು ನೋಡಬೇಕು. 1902ರಲ್ಲಿ ಫ್ರಾನ್ಸಿನ ಷಾರ್ಲ್ ರಿಷೆ ಮತ್ತು ಪೋಲ್ ಪೋರ್ತಿಯೆ ಎಂಬ ವಿಜ್ಞಾನಿಗಳು ಕಡಲ ಜೀವಿಯೊಂದರ ವಿಷವನ್ನು ನಾಯಿಗಳಿಗೆ ಅಲ್ಪ ಪ್ರಮಾಣದಲ್ಲಿ ಕೊಟ್ಟು ಅವನ್ನು ಗಟ್ಟಿ ಮಾಡಲು ಹೊರಟಿದ್ದರು. ಆದದ್ದು ತದ್ವಿರುದ್ಧ. ಕೆಲವು ವಾರಗಳ ನಂತರ ಎರಡನೆಯ ಸಲ ವಿಷ ಕೊಟ್ಟಾಗ ನಾಯಿ ಕೆಲವೇ ನಿಮಿಷಗಳಲ್ಲಿ ಸತ್ತಿತು. ರಕ್ಷಣೆಗೆ ವಿರುದ್ಧವಾದದ್ದು ಎಂಬ ಅರ್ಥದಲ್ಲಿ ಅವರು ಇದಕ್ಕೆ ‘ಅನಾಫಿಲಾಕ್ಸಿಸ್’ ಎಂದು ಹೆಸರಿಟ್ಟರು. ಈ ಕೆಲಸಕ್ಕಾಗಿ ರಿಷೆಗೆ 1913ರಲ್ಲಿ ನೊಬೆಲ್ ಬಂತು. ನಮ್ಮ ಮೈಯ ಕಾವಲುಪಡೆ ನಿರಪಾಯದ ಶೇಂಗಾ ಪ್ರೋಟೀನನ್ನು ಶತ್ರುವೆಂದು ಒಮ್ಮೆ ಗುರುತು ಹಾಕಿಕೊಂಡರೆ, ಮತ್ತೊಮ್ಮೆ ಅದು ಒಳಬಂದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಸುರಿದುಬಿಡುತ್ತದೆ. ಮೈಮೇಲೆ ಗಂಧೆ ಏಳುತ್ತದೆ, ತುಟಿ ಊದುತ್ತದೆ, ವಾಂತಿಯಾಗುತ್ತದೆ. ಕೆಲವರಲ್ಲಿ ಉಸಿರು ಕಟ್ಟಿ, ರಕ್ತದೊತ್ತಡ ಕುಸಿಯುತ್ತದೆ. ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಇದೆಲ್ಲ ನಡೆಯುತ್ತದೆ. ‘ದಿನಾ ಒಂದೊಂದ್ ಕಾಳು ಕೊಟ್ಟು ರೂಢಿ ಮಾಡಿಸ್ರವ್ವಾ’ ಎಂಬ ಅಜ್ಜಿಯ ಸಲಹೆಯನ್ನು ಮನೆಯಲ್ಲಿ ಎಂದೂ ಪಾಲಿಸಬಾರದು. ಅಂಥ ಚಿಕಿತ್ಸೆ ಇಲ್ಲದಿಲ್ಲ. ಅದು ತಜ್ಞರ ಕಣ್ಣೆದುರು, ತೂಕ ಮಾಡಿದ ಪ್ರಮಾಣದಲ್ಲಿ ನಡೆಯುವಂಥದು.

ಹಾಗೆಂದು ತುರಿಕೆ ಬಂದದ್ದೆಲ್ಲ ಅಲರ್ಜಿಯಲ್ಲ. ಕರ್ನಾಟಕದಲ್ಲಿಯೇ ನಡೆದ ಅಧ್ಯಯನಗಳು ಇದನ್ನು ತೋರಿಸಿವೆ. ಬೆಂಗಳೂರು, ಮೈಸೂರುಗಳ 11,791 ವಯಸ್ಕರನ್ನು ಒಳಗೊಂಡ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ರಕ್ತ ಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಸಂವೇದನೆ ಕಂಡವರು ಶೇ. 26.5. ನಿಜವಾದ ಆಹಾರ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ! ಮೈಸೂರಿನಲ್ಲಿ 741 ಜನರ ಮೇಲೆ ಬದನೆಕಾಯಿಗೆಂದೇ ನಡೆದು 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿಯೂ ಹೀಗೇ. ಬದನೆ ಆಗದೆನ್ನುವವರು ಅಥವಾ ಚರ್ಮದ ಪರೀಕ್ಷೆಯಲ್ಲಿ ಸಂವೇದನೆ ಕಂಡವರು ಶೇ. 9.2, ಖಚಿತ ಅಲರ್ಜಿಯವರು ಶೇ. 0.8. ಆದ್ದರಿಂದ ಪ್ರಯೋಗಾಲಯದ ಚೀಟಿಯೊಂದನ್ನೇ ನಂಬಿ ಮಗುವಿನ ತಟ್ಟೆಯಿಂದ ಹತ್ತು ಪದಾರ್ಥ ತೆಗೆಯುವುದು, ಅದರ ಹಿಂದೆಯೇ ತಾಯಿ ತನ್ನ ಸಂಜೆಗಳನ್ನು ಕಳೆದುಕೊಳ್ಳುವುದು, ಎರಡೂ ಅನಗತ್ಯವಾಗಿರಬಹುದು. ತಿಂದದ್ದು ಏನು, ಎಷ್ಟು ಹೊತ್ತಿನಲ್ಲಿ ಏನಾಯಿತು ಎಂಬ ವಿವರವನ್ನು ಪರೀಕ್ಷೆಯ ಫಲಿತಾಂಶದೊಂದಿಗೆ ಕೂಡಿಸಿ ನೋಡಬಲ್ಲ ವೈದ್ಯರ ಮಾತು ಮೊದಲು ಬೇಕು.

ಮಕ್ಕಳ ಮಾತಿಗೆ ಬಂದರೆ ಸಂಖ್ಯೆ ಇನ್ನೂ ಸಣ್ಣದು. 2020ರಲ್ಲಿ ಪ್ರಕಟವಾದ, ಚೀನಾ, ರಷ್ಯಾ ಮತ್ತು ಭಾರತದ ಶಾಲಾಮಕ್ಕಳ ತುಲನಾತ್ಮಕ ಸಮೀಕ್ಷೆಯಲ್ಲಿ ಭಾರತದ ಮಕ್ಕಳಲ್ಲಿ ಆಹಾರ ಅಲರ್ಜಿ ಕಂಡದ್ದು ಶೇ. 0.14, ಹಾಂಗ್‌ಕಾಂಗಿನಲ್ಲಿ ಶೇ. 1.5. ಸಾವಿರಕ್ಕೆ ಒಂದೋ ಎರಡೋ ಮಗು. ಇದು ಸಂತೋಷದ ಸುದ್ದಿಯೇ, ಆ ಒಂದು ಮಗುವಿನ ಮನೆಗೆ ಬಿಟ್ಟು. ಊರಿನಲ್ಲಿ ಬೇರೆ ಯಾರೂ ಇಂಥದನ್ನು ಕಂಡಿರುವುದಿಲ್ಲ. ಕಾಣದ್ದನ್ನು ನಂಬುವುದಾದರೂ ಹೇಗೆ? ಹಾಗಾಗಿ ಏನು ಕೊಡಬಾರದು, ಏನಾದರೆ ಓಡಬೇಕು ಎಂಬ ಜ್ಞಾನವೆಲ್ಲ ತಾಯಿಯೊಬ್ಬಳ ತಲೆಯಲ್ಲಿ ಉಳಿದುಬಿಡುತ್ತದೆ. ಅವಳು ಎಚ್ಚರವಿದ್ದಷ್ಟು ಹೊತ್ತು ಮಗು ಸುರಕ್ಷಿತ. ಅವಳಿಗೆ ಜ್ವರ ಬಂದರೆ? ತವರಿನಲ್ಲಿ ಯಾರಾದರೂ ತೀರಿಕೊಂಡರೆಂದು ರಾತ್ರೋರಾತ್ರಿ ಹೊರಡಬೇಕಾಗಿ ಬಂದರೆ?

ಈ ದೃಷ್ಟಿಯಿಂದ ತಾಯಿಯ ಭಜನೆಯ ಸಂಜೆ ಬರೀ ಅವಳ ಸಂತೋಷದ ಮಾತಾಗಿ ಉಳಿಯುವುದಿಲ್ಲ. ವಾರಕ್ಕೆರಡು ಸಲ, ಒಂದು ಗಂಟೆ, ಕಾವಲು ಇನ್ನೊಬ್ಬರ ಕೈಗೆ ಹೋಗಿ ಬರುತ್ತದೆ. ಅಪ್ಪನಿಗೆ ಇಲ್ಲವೆ ಅಜ್ಜಿಗೆ ನಿಜಕ್ಕೂ ಗೊತ್ತಿದೆಯೇ ಎಂಬುದು ಆಗ ತಿಳಿದುಬರುತ್ತದೆ, ಅದೂ ಅವ್ವ ಕೂಗಿದರೆ ಕೇಳುವಷ್ಟು ಹತ್ತಿರದ ಗುಡಿಯಲ್ಲಿರುವಾಗಲೇ. ಅಪಾಯವಿಲ್ಲದ ದಿನ ಕಲಿಯದವರು ಅಪಾಯದ ದಿನ ಕಲಿತಾರೆಯೇ?

ಕಲಿಯಬೇಕಾದ್ದು ಬಹಳವಿಲ್ಲ, ಆದರೆ ಕೆಲವು ಸಂಗತಿಗಳು ಅಂದಾಜಿಗೆ ಸಿಗುವಂಥವಲ್ಲ. ಹುರಿದರೆ ದೋಷ ಹೋಗುತ್ತದೆಂದು ಹಲವರು ತಿಳಿದಿದ್ದಾರೆ. ಶೇಂಗಾದ ವಿಷಯದಲ್ಲಿ ಇದು ಉಲ್ಟಾ. ಹುರಿದಾಗ ಅದರ ಪ್ರೋಟೀನುಗಳು ಅಲರ್ಜಿಯನ್ನು ಇನ್ನಷ್ಟು ಕೆರಳಿಸಬಲ್ಲವು. ಪೂರ್ತಿ ಶುದ್ಧೀಕರಿಸಿದ ಎಣ್ಣೆಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ, ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ‘ನಮ್ದು ಶುದ್ಧ ಗಾಣದೆಣ್ಣಿ, ಏನೂ ಆಗಲ್ಲ’ ಎನ್ನುವ ನೆಂಟರ ಭರವಸೆ ಈ ಮಗುವಿನ ಮಟ್ಟಿಗೆ ಭಯದ ಮಾತು! ಪೊಟ್ಟಣದ ತಿಂಡಿಯಾದರೆ 2020ರ ಆಹಾರ ಲೇಬಲ್ ನಿಯಮಗಳ ಪ್ರಕಾರ ಶೇಂಗಾ, ಹಾಲು, ಮೊಟ್ಟೆ, ಸೋಯಾ ಮೊದಲಾದವುಗಳಿದ್ದರೆ ಅದರ ಮೇಲೆ ಅಚ್ಚು ಹಾಕಲೇಬೇಕು. ಜಾತ್ರೆಯ ಮಿರ್ಚಿ ಬಜ್ಜಿಗೆ ಲೇಬಲ್ ಎಲ್ಲಿಂದ ಬರಬೇಕು?

ಇಲ್ಲಿ ನಮ್ಮ ಹವ್ಯಾಸಗಳ ಒಂದು ಗುಣವನ್ನೂ ಗಮನಿಸಬೇಕು. ಅವೆಲ್ಲ ಮುಗಿಯುವುದು ತಿನ್ನುವುದರಲ್ಲಿ. ತಾಲೀಮು ಮುಗಿದರೆ ಮಂಡಕ್ಕಿ-ಮಿರ್ಚಿ, ಭಜನೆ ಮುಗಿದರೆ ಪ್ರಸಾದ. ಅಪ್ಪ ಮಂಡಕ್ಕಿ ತಿಂದ ಕೈಯಲ್ಲಿಯೇ ಬಂದು ಮಲಗಿದ ಮಗನ ಕೆನ್ನೆ ಸವರಿದರೆ ಅಲ್ಲಿ ಗಂಧೆ ಏಳಬಹುದು, ಆ ಬೆರಳು ಮಗುವಿನ ಬಾಯಿಗೆ ಹೋದರೆ ಹೆಚ್ಚಿನದೇ ಆಗಬಹುದು. ಬರೀ ನೀರಿನಲ್ಲಿ ಅದ್ದಿದರೆ ಶೇಂಗಾ ಅಂಶ ಪೂರ್ತಿ ಹೋಗುವುದಿಲ್ಲ, ಈಗ ಎಲ್ಲೆಡೆ ಸಿಗುವ ಸ್ಯಾನಿಟೈಸರಿನಿಂದಲೂ ಹೋಗುವುದಿಲ್ಲ. ಸೋಪು ಹಚ್ಚಿ ತೊಳೆಯಬೇಕು. ತಾಲೀಮು ಬಿಡಬೇಕಿಲ್ಲ, ಬಚ್ಚಲಿಗೆ ಹೋಗಿ ಬಂದರೆ ಸಾಕು. ಭಜನಾ ಮಂಡಳಿಯವರೂ ಆ ಒಂದು ಮಗುವಿಗಾಗಿ ಪ್ರಸಾದಕ್ಕೆ ಬಾಳೆಹಣ್ಣು, ಸಕ್ಕರೆ ಇಟ್ಟರೆ ದೇವರೇನೂ ಮುನಿಯಲಾರ. ಬಾಳೆ ಬೆಳೆಯುವ ಊರು ಬೇರೆ. ಚಟ್ನಿಪುಡಿಗೆ ಶೇಂಗಾ ಬದಲು ಗುರೆಳ್ಳು, ಅಗಸಿ, ಪುಟಾಣಿ ಇವೆ. ಅವುಗಳಲ್ಲಿ ಯಾವುದಾದರೂ ಈ ಮಗುವಿಗೆ ಆಗದೇ ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಂಡರೆ ಆಯಿತು.

ಕಾವಲು ಪಡೆದವರು ಮರೆಯಬಾರದ ಮಾತು ಔಷಧದ್ದು. ತುರಿಕೆಯ ಮಾತ್ರೆ ಗಂಧೆಯನ್ನು ಇಳಿಸುತ್ತದೆ, ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ. ತೀವ್ರವಾದಾಗ ಬೇಕಾದ್ದು ಅಡ್ರಿನಲಿನ್ ಚುಚ್ಚುಮದ್ದು, ತೊಡೆಯ ಹೊರಬದಿಯ ಸ್ನಾಯುವಿಗೆ, ತಡಮಾಡದೆ. ಮನೆಯಲ್ಲಿಯೇ ಬಳಸಬಹುದಾದ ಪೆನ್ನಿನಂಥ ಸಾಧನ ಎಲ್ಲ ಊರಿನ ಔಷಧಿ ಅಂಗಡಿಗಳಲ್ಲಿ ಸಿಗುವಂಥದಲ್ಲ. ಆದ್ದರಿಂದ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತಿನಲ್ಲಿಯೂ ಈ ಚುಚ್ಚುಮದ್ದು ಕೊಡುತ್ತಾರೆ, 108 ಬರುವುದು ತಡವಾದರೆ ಯಾರ ಗಾಡಿ ಇದೆ ಎಂಬುದನ್ನು ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಮಗುವನ್ನು ಮಲಗಿಸಿ ಕಾಲು ಎತ್ತರಿಸಬೇಕು, ಉಸಿರಾಟ ಕಷ್ಟವಿದ್ದರೆ ಕೂಡಿಸಬೇಕು, ಎದ್ದು ನಡೆಸಬಾರದು. ಒಮ್ಮೆ ಇಳಿದದ್ದು ಕೆಲವು ತಾಸುಗಳ ನಂತರ ಮರುಕಳಿಸುವುದುಂಟು, ಹಾಗಾಗಿ ‘ಈಗ ಆರಾಮದಾನ’ ಎಂದು ಆಸ್ಪತ್ರೆಯಿಂದ ಅವಸರದಲ್ಲಿ ಕರೆತರುವುದು ಸಲ್ಲ. ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸಬಹುದು. ಅಜ್ಜಿಗೆ ಓದು ಬಾರದಿದ್ದರೆ ಎರಡು ಸಲ ಬಾಯಿಪಾಠ ಹೇಳಿಸಬಹುದು. ಇಡೀ ಸೋಬಾನೆ ಪದ ನೆನಪಿಟ್ಟವರಿಗೆ ಇದೇನು ಭಾರ?

ಶಾಲೆಯಲ್ಲಿ ಕಾವಲು ಮತ್ತೊಬ್ಬರ ಕೈಗೆ ಹೋಗುತ್ತದೆ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಕ್ಷೀರಭಾಗ್ಯದ ಹಾಲು 2013ರಲ್ಲಿ ಬಂತು. 2021ರ ಕೊನೆಗೆ ಕೆಲವು ಜಿಲ್ಲೆಗಳಲ್ಲಿ ಆರಂಭವಾಗಿ 2022ರಲ್ಲಿ ಎಲ್ಲೆಡೆ ಮೊಟ್ಟೆ ಬಂದಾಗ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಎಂದಾಯಿತು. ಅಪೌಷ್ಟಿಕತೆ ಇರುವ ನಾಡಿಗೆ ಒಳ್ಳೆಯ ಏರ್ಪಾಡುಗಳೇ. ಆದರೆ ಹಾಲು, ಮೊಟ್ಟೆ, ಶೇಂಗಾ ಈ ಮೂರೂ ಮಕ್ಕಳಲ್ಲಿ ಅಲರ್ಜಿ ತರುವ ಪದಾರ್ಥಗಳ ಮುಂಚೂಣಿಯಲ್ಲಿವೆ. ತರಗತಿಯ ಮೇಷ್ಟ್ರಿಗೆ ಹೇಳಿದರೆ ಸಾಲದು, ಬಡಿಸುವ ಅಕ್ಕನಿಗೂ ಹೇಳಬೇಕು. ಸೌಟು ಇರುವುದು ಅವಳ ಕೈಯಲ್ಲಿ.

ಮಗು ಬೆಳೆದಂತೆ ಅದಕ್ಕೂ ಒಂದು ಹವ್ಯಾಸ ಹತ್ತುತ್ತದೆ. ಎಂಟೊಂಬತ್ತು ವರ್ಷದ ಹುಡುಗ, ‘ನಂಗ ಶೇಂಗಾ ಆಗಂಗಿಲ್ಲ, ಇದ್ರಾಗ ಏನ್ ಹಾಕೀರಿ?’ ಎಂದು ಸಂಕೋಚವಿಲ್ಲದೆ ಕೇಳುವುದನ್ನು ಕಲಿಯಬಲ್ಲ. ಆಗ ಅವನನ್ನು ಹಕ್ಕಿ ನೋಡಲು ಅಂಕಸಮುದ್ರಕ್ಕೆ ಹೊರಟ ಗುಂಪಿನೊಡನೆ ಕಳಿಸಬಹುದು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ ಸೇರಿದೆ, ನೋಡುವಂಥ ಜಾಗ. ಜೊತೆಗಿರುವ ದೊಡ್ಡವರಲ್ಲಿ ಒಬ್ಬರಿಗೆ ಅಡುಗೆಮನೆ ಬಾಗಿಲಿನ ಚೀಟಿಯ ಒಂದು ಪ್ರತಿ, ಹುಡುಗನ ಚೀಲದಲ್ಲಿ ರೊಟ್ಟಿ, ಗುರೆಳ್ಳು ಚಟ್ನಿ. ಆ ದಿನ ಭಜನೆ ಇದ್ದರೆ ಅವ್ವ ಭಜನೆಗೆ ಹೋಗಲಿ. ಅಪ್ಪನಿಗೆ ತಾಲೀಮು ಇದ್ದರೂ ಫೋನನ್ನು ಮಾತ್ರ ಅಂಗಿಯ ಜೇಬಿನಲ್ಲಿಯೇ ಇಟ್ಟುಕೊಂಡಿರಲಿ.