ಹೊಳೆಯ ಮೀನೂ ಅದರ ಹುಳುವೂ

ಪೇಟೆಯಿಂದ ತಂದ ಹೊಳೆಮೀನಿನ ಕಿವಿರಿನಲ್ಲಿ ಹುಳುವೊಂದು ಕಂಡಿತೆಂದರೆ, ಮಾರಿದವಳನ್ನು ಬೈದು ಮೀನನ್ನು ಹೊರಗೆಸೆಯುವುದು ನಮ್ಮ ಮನೆಗಳ ವಾಡಿಕೆಯಾಗಿದೆ. ವಿಚಾರವು ಅಲ್ಲಿಗೇ ಮುಗಿಯಬಾರದೆಂದು ನಮ್ಮ ಅಭಿಪ್ರಾಯ.

ನಿರ್ಮಲವಾದ ನೀರಿನ ಮೀನಿಗೂ ಪರೋಪಜೀವಿಗಳು ಇರುವುವು. ಮೀನುಹೇನೆಂಬ ಚಪ್ಪಟೆಯಾದ ಜಂತುವು ಮೈಗೆ ಅಂಟಿಕೊಂಡು ಚರ್ಮವನ್ನು ಚುಚ್ಚಿ ರಕ್ತವನ್ನು ಹೀರುವುದು. ಬಲವುಳ್ಳ ಮೀನು ಇಂಥವುಗಳೊಡನೆ ಹೇಗೋ ಬಾಳುವೆ ಮಾಡುತ್ತದೆ. ಆದರೆ ಊರಿನ ಕೊಳಚೆಯು ಹೊಳೆಗೆ ಬಿದ್ದಾಗ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿಯ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. ಅಮೋನಿಯಾ ಕಿವಿರನ್ನು ಕೆಡಿಸುತ್ತದೆ. ಮೀನು ನೀರಿನ ಮೇಲಕ್ಕೆ ಬಂದು ಉಸಿರಿಗಾಗಿ ಬಾಯಿ ತೆರೆಯುತ್ತದೆ. ಆಗ ಅದರ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಚೋದಕರಸವು ಏರುವುದು. ಕ್ಷಣಕಾಲದ ಅಪಾಯದಲ್ಲಿ ಇದು ಉಪಕಾರಿಯೇ ಸರಿ. ದಿನಗಟ್ಟಲೆ ಇಳಿಯದಿದ್ದರೆ ಮಾತ್ರ ರೋಗವನ್ನು ತಡೆಯುವ ಶಕ್ತಿಯೇ ಕುಗ್ಗುವುದು. ಕೊಳಚೆಯ ಬ್ಯಾಕ್ಟೀರಿಯಗಳನ್ನುಂಡು ಹೆಚ್ಚುವ ಟ್ರೈಕೊಡೈನಾದಂಥ ಸೂಕ್ಷ್ಮಜೀವಿಗಳು ಅಂಥ ಮೀನನ್ನು ಮುತ್ತಿಕೊಳ್ಳುತ್ತವೆ.

ಹಾಗಾದರೆ ಹುಳುವಿಲ್ಲದ ಮೀನು ಶುದ್ಧವೋ? ಹಾಗೆಂದು ಹೇಳಲಾಗದು. ಕೆಲವು ಹುಳುಗಳು ಮೀನನ್ನು ಸೇರುವ ಮುನ್ನ ಬಸವನಹುಳುವಿನ ದೇಹದಲ್ಲಿ ಬೆಳೆಯಬೇಕು. ವಿಷದಿಂದ ಬಸವನಹುಳು ಸತ್ತರೆ ಅವುಗಳ ಸಂತತಿಯೂ ನಿಲ್ಲುವುದು. ಇನ್ನೊಂದು ಸೋಜಿಗವುಂಟು. ಜರ್ಮನಿಯ ರೂರ್ ನದಿಯ ಮೀನುಗಳ ಕರುಳಿನಲ್ಲಿದ್ದ ಮುಳ್ಳುತಲೆಯ ಹುಳುಗಳನ್ನು 1990ರ ದಶಕದಲ್ಲಿ ಪರೀಕ್ಷಿಸಿದಾಗ, ಮೀನಿನ ಮಾಂಸದಲ್ಲಿದ್ದುದಕ್ಕಿಂತ ಸುಮಾರು 2,700 ಪಾಲು ಅಧಿಕವಾದ ಸೀಸವು ಅವುಗಳಲ್ಲಿ ಕಂಡುಬಂದಿತು. ನಾವು ಹೇಸಿಕೊಳ್ಳುವ ಹುಳುವೇ ಹೊಳೆಯ ವಿಷಯದಲ್ಲಿ ಸಾಕ್ಷಿ ನುಡಿದಂತಾಯಿತು.

ನಮ್ಮ ನಾಡಿನಲ್ಲಿ ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯು ಅರ್ಕಾವತಿಯನ್ನು ಸೇರುವುದು. ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಕೂಡುವುದು. ಆ ಕಾವೇರಿಯ ಮಹಶೀರ್ ಮೀನೊಂದು 2018ರಲ್ಲಿ ಅತಿ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು. ಅಣೆಕಟ್ಟುಗಳೂ ಹೊರಗಿನಿಂದ ತಂದುಬಿಟ್ಟ ಬೇರೆ ಜಾತಿಯ ಮಹಶೀರ್ ಮೀನುಗಳೂ ಅದಕ್ಕೆ ಕಾರಣವಾದುದರಿಂದ, ತಪ್ಪೆಲ್ಲವನ್ನೂ ಕೊಳಚೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಬಚ್ಚಲಿನಿಂದ ಹರಿದುಹೋದ ನೀರು ಎಲ್ಲಿಗೆ ಸೇರಿತೆಂದು ಕೇಳುವವರು ನಮ್ಮಲ್ಲಿ ಎಷ್ಟು ಮಂದಿ?

ವಿಜ್ಞಾನದ ಕೊಠಡಿಯಲ್ಲಿ ಹೆಣ್ಣುಮಕ್ಕಳಿಂದ ಮೀನನ್ನು ಕೊಯ್ಯಿಸಿ ಹುಳುಗಳನ್ನು ತೋರಿಸುವುದು ತರವೇ ಎಂದು ಕೆಲವರು ಪೋಷಕರು ನಮ್ಮನ್ನು ಕೇಳಿರುತ್ತಾರೆ. ಮೀನನ್ನು ಅಡಿಗೆಮನೆಯಲ್ಲಿ ಕೊಯ್ಯುವವರು ಅವರೇ ಅಲ್ಲವೇ? ಚೆನ್ನಾಗಿ ಬೇಯಿಸಿದರೆ ಹುಳುವು ಸಾಯುವುದು. ಸೀಸವಾದರೋ ಎಷ್ಟು ಬೇಯಿಸಿದರೂ ಹೋಗದು. ಇವೆರಡರ ಭೇದವನ್ನರಿಯದ ಹುಡುಗಿಗೆ ಆರೋಗ್ಯಶಾಸ್ತ್ರದಲ್ಲಿ ಅಂಕಗಳನ್ನು ಕೊಡಲು ನಮಗೆ ಮನಸ್ಸೊಪ್ಪದು. ಆದುದರಿಂದ ಈ ಪಾಠವನ್ನು ನಾವು ಬಿಡುವುದಿಲ್ಲ.

ಹೊಳೆಯ ದಂಡೆಯ ಊರುಗಳಲ್ಲಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ಮೀನಿನ ಮೈಯಲ್ಲಿ ಹುಣ್ಣಾಗಲಿ ಹುಳುವಾಗಲಿ ಕಂಡಾಗ, ಅದು ಯಾವ ಮೀನು, ಯಾವ ತಿಂಗಳು, ನೀರಿನ ಬಣ್ಣವೂ ವಾಸನೆಯೂ ಹೇಗಿದ್ದುವೆಂಬುದನ್ನು ಒಂದು ಕಾಗದದಲ್ಲಿ ಬರೆದು ಶಾಲೆಗೆ ಕಳುಹಿಸಿರಿ. ಒಂಬತ್ತನೆಯ ತರಗತಿಯ ಹುಡುಗಿಯರು ಅದಕ್ಕಾಗಿ ಒಂದು ಪುಸ್ತಕವನ್ನು ಗೆರೆಹಾಕಿ ಇಟ್ಟಿದ್ದಾರೆ.